ಕಲ್ಲು ಒಡೆಯುವಾಗ ನೋವು: ತಡ್ಕೊಂಡರೆ ಮುಗಿಯುವ ಮಾತಲ್ಲ

“ಕೊಯ್ಯುವುದಿಲ್ಲ, ನೋವಿಲ್ಲ, ಅವತ್ತೇ ಮನೆಗೆ.” ಕಿಡ್ನಿ ಸ್ಟೋನಿಗೆ ಶಾಕ್ ವೇವ್ ಚಿಕಿತ್ಸೆ ಕೊಡುವ ಕಡೆ ಹೆಚ್ಚುಕಮ್ಮಿ ಇದೇ ಅರ್ಥದ ಭರವಸೆ ಸಿಗುತ್ತದೆ. ಕೊಯ್ಯುವುದಿಲ್ಲ ಅನ್ನುವುದು ನಿಜ. ಅವತ್ತೇ ಮನೆಗೆ ಅನ್ನುವುದೂ ಬಹುಪಾಲು ನಿಜ. ನಡುವಿನ ಮಾತು ಎಲ್ಲರಿಗೂ ಹೊಂದುವುದಿಲ್ಲ. ಕೆಲವರು ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಾ ಮುಗಿಸಿ ಎದ್ದು ಬರುತ್ತಾರೆ. ಇನ್ನು ಕೆಲವರು ಅರ್ಧಕ್ಕೇ “ಸಾಕು, ನಿಲ್ಸಿ” ಅನ್ನುತ್ತಾರೆ.

ಈ ಎರಡನೇ ಗುಂಪಿನವರಿಗೆ “ಭಯ ಜಾಸ್ತಿ”, “ತಡೆಯೋ ಶಕ್ತಿ ಕಮ್ಮಿ” ಅಂತ ಹಣೆಪಟ್ಟಿ ಕಟ್ಟುವುದು ಸುಲಭ. ಮನೆಯವರೂ ಅದನ್ನೇ ಹೇಳುತ್ತಾರೆ. ಆದರೆ ಲಿಥೋಟ್ರಿಪ್ಸಿಯಲ್ಲಿ, ಅಂದರೆ ಈ ಶಾಕ್ ವೇವ್ ಚಿಕಿತ್ಸೆಯಲ್ಲಿ, ನೋವಿಗೂ ಕಲ್ಲು ಒಡೆಯುವುದಕ್ಕೂ ನೇರ ಸಂಬಂಧ ಇದೆ. ನೋವನ್ನು ಮದ್ದಿನಿಂದ ಸರಿಯಾಗಿ ತಗ್ಗಿಸದಿದ್ದರೆ ಕಲ್ಲೂ ಸರಿಯಾಗಿ ಒಡೆಯುವುದಿಲ್ಲ. ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸರಿಯಾದ ನೋವು ನಿವಾರಣೆ ಮಾಡಿ, ಅದರಿಂದ ರೋಗಿಯ ಅಲುಗಾಟ, ಜೋರು ಉಸಿರಾಟ ಕಡಿಮೆಯಾಗಿ ಫಲಿತಾಂಶ ಸುಧಾರಿಸುತ್ತದೆ. ಅಂದರೆ ಅಲ್ಲಿ ನೋವು ನಿವಾರಣೆ ಕರುಣೆಯ ಲೆಕ್ಕದಲ್ಲಿಲ್ಲ, ಚಿಕಿತ್ಸೆಯ ಲೆಕ್ಕದಲ್ಲೇ ಇದೆ.

ನೋವು ಎಲ್ಲಿಂದ ಬರುತ್ತದೆ?

ಮೊದಲು ಆ ರೂಮಿನಲ್ಲಿ ಏನು ನಡೆಯುತ್ತದೆ ನೋಡೋಣ. ರೋಗಿ ಒಂದು ಮೇಜಿನ ಮೇಲೆ ಮಲಗಿರುತ್ತಾರೆ. ಸೊಂಟದ ಮೇಲ್ಭಾಗದಲ್ಲಿ, ಕಲ್ಲಿರುವ ಕಡೆಗೆ, ನೀರು ತುಂಬಿದ ದಿಂಬಿನಂಥ ಭಾಗ ಬಂದು ಚರ್ಮಕ್ಕೆ ಒತ್ತುತ್ತದೆ. ಮಧ್ಯೆ ಸ್ಕ್ಯಾನಿಂಗಿಗೆ ಹಚ್ಚುವಂಥದ್ದೇ ಜೆಲ್. ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡಿನಲ್ಲಿ ಕಲ್ಲನ್ನು ನೋಡಿ ಗುರಿ ಹಿಡಿಯುತ್ತಾರೆ. ಆಮೇಲೆ ಟಕ್, ಟಕ್, ಟಕ್ ಅಂತ ಶುರು. ಇದು ಕರೆಂಟ್ ಶಾಕ್ ಅಲ್ಲ, ಒತ್ತಡದ ಅಲೆ. ದೇಹದ ಹೊರಗೆ ಹುಟ್ಟಿ, ಚರ್ಮದ ಅಗಲವಾದ ಜಾಗದಿಂದ ಒಳಗೆ ಹೋಗಿ, ಕಲ್ಲಿನ ಹತ್ತಿರ ಒಂದು ಸಣ್ಣ ಜಾಗದಲ್ಲಿ ಕೂಡಿಕೊಳ್ಳುತ್ತದೆ. ಒಂದು ಸಿಟ್ಟಿಂಗಿನಲ್ಲಿ ಇಂಥ ಏಟು ಸಾಮಾನ್ಯವಾಗಿ 2000ದಿಂದ 3000.

ಪ್ರತಿ ಏಟೂ ಎರಡು ಕಡೆ ನೋವು ಕೊಡಬಲ್ಲದು. ಒಂದು ಮೇಲಿನ ನೋವು: ಅಲೆ ಒಳಗೆ ಹೋಗುವ ಚರ್ಮ, ಅದರ ಕೆಳಗಿನ ಸ್ನಾಯು, ದಾರಿಯಲ್ಲಿ ಪಕ್ಕೆಲುಬು ಸಿಕ್ಕರೆ ಮೂಳೆಯ ಮೇಲಿನ ಪೊರೆ. ರಬ್ಬರ್ ಬ್ಯಾಂಡನ್ನು ಎಳೆದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿಟ್ಟ ಹಾಗೆ ಚುರುಕ್ ಅನ್ನುತ್ತದೆ. ಇನ್ನೊಂದು ಒಳಗಿನ ನೋವು: ಕಿಡ್ನಿಯ ಹೊದಿಕೆ, ಮೂತ್ರ ಕೂಡುವ ಜಾಗ, ಸುತ್ತಲಿನ ಅಂಗಾಂಶ. ಇದು ಚುರುಕ್ ಅನ್ನುವುದಿಲ್ಲ. ಆಳದಲ್ಲಿ ಹಿಂಡುತ್ತದೆ, ಕೆಲವರಿಗೆ ವಾಕರಿಕೆ ಬರುತ್ತದೆ, ಬೆವರು ಬರುತ್ತದೆ. ಮೇಲಿನ ನೋವಿಗೆ ಮುಲಾಮು ಸ್ವಲ್ಪ ಕೆಲಸ ಮಾಡೀತು, ಒಳಗಿನ ನೋವಿಗೆ ಅದು ತಲುಪುವುದೇ ಇಲ್ಲ. ಯಾವ ಮದ್ದು ಯಾರಿಗೆ ಸಾಕಾಗುತ್ತದೆ ಅನ್ನುವ ಗೊಂದಲದ ಅರ್ಧ ಭಾಗ ಇಲ್ಲೇ ಇದೆ.

ನೋವು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ತೆಳ್ಳಗಿರುವವರಿಗೆ ಕಿಡ್ನಿ ಮೇಲ್ಭಾಗದ ಕಲ್ಲಾದರೆ ಅಲೆಯ ದಾರಿಗೆ ಪಕ್ಕೆಲುಬು ಅಡ್ಡ ಸಿಗುತ್ತದೆ, ಚೆನ್ನಾಗಿ ಉರಿಯುತ್ತದೆ. ಚಿಕ್ಕ ವಯಸ್ಸಿನವರು ಹಿರಿಯರಿಗಿಂತ ಜಾಸ್ತಿ ನೋವು ಹೇಳುವುದುಂಟು. ಗಾಬರಿ ಇದ್ದವರಿಗೆ ಅದೇ ಏಟು ಹೆಚ್ಚು ನೋಯುತ್ತದೆ. ಮೆಷೀನಿನ ಶಕ್ತಿ ಏರಿಸಿದಷ್ಟೂ ನೋವು ಏರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಯಾವ ಮೆಷೀನ್ ಅನ್ನುವುದರ ಮೇಲೆ ಹೋಗುತ್ತದೆ. ಅದರ ಕಥೆ ಸ್ವಲ್ಪ ಉದ್ದ, ಆದರೆ ಕೇಳಬೇಕಾದದ್ದು.

ನೀರಿನ ತೊಟ್ಟಿಯಿಂದ ನೀರಿನ ದಿಂಬಿಗೆ

ಈ ಚಿಕಿತ್ಸೆ ಹುಟ್ಟಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ಡಾರ್ನಿಯರ್ ಅನ್ನುವುದು ವಿಮಾನ ತಯಾರಿಸುತ್ತಿದ್ದ ಕಂಪನಿ. ಅತಿ ವೇಗದಲ್ಲಿ ಹಾರುವ ವಿಮಾನದ ಲೋಹಕ್ಕೆ ಮಳೆಹನಿ ಬಡಿದಾಗ ಏನಾಗುತ್ತದೆ ಅನ್ನುವ ಅಧ್ಯಯನದಲ್ಲಿ ಅವರಿಗೆ ಒತ್ತಡದ ಅಲೆಗಳ ಪರಿಚಯ ಆಯಿತು. ಅದೇ ಅಲೆಯಿಂದ ದೇಹದೊಳಗಿನ ಕಲ್ಲು ಒಡೆಯಬಹುದಾ ಅಂತ ವೈದ್ಯರ ಜೊತೆ ಸೇರಿ ವರ್ಷಗಟ್ಟಲೆ ಪ್ರಯೋಗ ನಡೆಯಿತು. 1980ರ ಫೆಬ್ರುವರಿಯಲ್ಲಿ ವೈದ್ಯ ಕ್ರಿಸ್ಟಿಯನ್ ಶಾಸಿ ಮತ್ತು ಅವರ ತಂಡ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟಿತು. ನಂತರ ಬಂದ ಎಚ್‌ಎಂ3 ಅನ್ನುವ ಮೆಷೀನಿಗೆ 1984ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು.

ಎಚ್‌ಎಂ3 ಅಂದರೆ ದೊಡ್ಡ ನೀರಿನ ತೊಟ್ಟಿ. ರೋಗಿಯನ್ನು ಕುರ್ಚಿಯಂಥ ಚೌಕಟ್ಟಿಗೆ ಕಟ್ಟಿ ನೀರಿಗೆ ಇಳಿಸುತ್ತಿದ್ದರು. ಕೆಳಗಡೆ ನೀರಿನಲ್ಲೇ ಕಿಡಿ ಹಾರಿಸಿ ಅಲೆ ಎಬ್ಬಿಸುತ್ತಿದ್ದರು. ಹೃದಯದ ಬಡಿತ ಏರುಪೇರಾಗಬಾರದು ಅಂತ ಇಸಿಜಿಗೆ ಹೊಂದಿಸಿ ಏಟು ಬಿಡುತ್ತಿದ್ದರು. ನೋವು ಎಷ್ಟಿತ್ತು ಅಂದರೆ, ಪೂರ್ತಿ ಅರಿವಳಿಕೆ ಅಥವಾ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಎದೆಯಿಂದ ಕೆಳಗೆ ಮರಗಟ್ಟಿಸುವುದು, ಎರಡರಲ್ಲಿ ಒಂದು ಮಾಮೂಲಾಗಿ ಬೇಕಾಗುತ್ತಿತ್ತು. ತೊಟ್ಟಿಯಲ್ಲಿ ಮುಳುಗಿರುವ ಮನುಷ್ಯನಿಗೆ ಅರಿವಳಿಕೆ ಕೊಟ್ಟು ಕಾಯುವುದು ಅರಿವಳಿಕೆ ತಜ್ಞರಿಗೆ ಎಂಥ ಪೀಕಲಾಟ, ಯೋಚಿಸಿ.

ಆಮೇಲಿನ ತಯಾರಕರ ಗಮನ ಪೂರ್ತಿ ಒಂದೇ ಕಡೆಗೆ ಹೋಯಿತು: ತೊಟ್ಟಿ ಬೇಡ, ಅರಿವಳಿಕೆ ಬೇಡ. ಉಪಾಯ ಸರಳವಾಗಿತ್ತು. ಅಲೆ ಚರ್ಮವನ್ನು ದಾಟುವ ಜಾಗವನ್ನು ಅಗಲ ಮಾಡಿದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಏಟು ಕಡಿಮೆ, ನೋವೂ ಕಡಿಮೆ. ವಿದ್ಯುತ್ಕಾಂತದಿಂದ ಅಲೆ ಎಬ್ಬಿಸುವ ಮೆಷೀನುಗಳು ಬಂದವು, ಕರೆಂಟ್ ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೋ ಹರಳುಗಳಿಂದ ಎಬ್ಬಿಸುವವೂ ಬಂದವು. ಪೀಜೋ ಮೆಷೀನಿನಲ್ಲಿ ನೋವು ಎಲ್ಲಕ್ಕಿಂತ ಕಡಿಮೆ ಅಂತಲೇ ಹೆಸರು.

ಆದರೆ ಇದಕ್ಕೊಂದು ಬೆಲೆ ಇತ್ತು. ಅಗಲವಾದ ಬಾಯಿಂದ ಹೊರಟ ಅಲೆ ಕೂಡಿಕೊಳ್ಳುವ ಜಾಗ ಚಿಕ್ಕದಾಯಿತು, ಹಲವು ಮೆಷೀನುಗಳಲ್ಲಿ ಕೆಲವೇ ಮಿಲಿಮೀಟರ್ ಅಗಲ. ಇತ್ತ ಕಿಡ್ನಿ ಸುಮ್ನೆ ಕೂತಿರುವ ಅಂಗವಲ್ಲ. ಪ್ರತಿ ಉಸಿರಿಗೂ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಜಾರುತ್ತದೆ. ಹಳೆಯ ಮೆಷೀನಿನ ಗುರಿಯ ವಲಯ ದೊಡ್ಡದಿತ್ತು, ಕಲ್ಲು ಸ್ವಲ್ಪ ಜಾರಿದರೂ ಏಟು ಬೀಳುತ್ತಿತ್ತು. ಮೇಲಾಗಿ ರೋಗಿಗೆ ಅರಿವಳಿಕೆ ಇದ್ದದ್ದರಿಂದ ಉಸಿರು ಒಂದೇ ಸಮ ಇರುತ್ತಿತ್ತು. ಹೊಸ ಮೆಷೀನಿನಲ್ಲಿ ರೋಗಿ ಎಚ್ಚರ, ಗುರಿ ಚಿಕ್ಕದು. ಕಡಿಮೆ ನೋಯಿಸುವ ಮೆಷೀನಿನಲ್ಲೇ ರೋಗಿ ಮೊದಲಿಗಿಂತ ಅಲುಗಾಟ ಕಡಿಮೆ ಮಾಡಿ ಮಲಗಬೇಕು! ನಲವತ್ತು ವರ್ಷದ ನಂತರವೂ ಕಲ್ಲು ಒಡೆಯುವ ಸಾಮರ್ಥ್ಯ ಅಳೆಯುವಾಗ ಮೂತ್ರರೋಗ ತಜ್ಞರು ಎಚ್‌ಎಂ3ಯನ್ನೇ ಮಾನದಂಡ ಅನ್ನುತ್ತಾರೆ. ಅದನ್ನು ಮೀರಿಸಿದ ಫಲಿತಾಂಶವನ್ನು ನಂತರದ ಮೆಷೀನುಗಳು ತೋರಿಸಿಲ್ಲ.

“ಅರಿವಳಿಕೆ ಬೇಕಿಲ್ಲ” ಅನ್ನುವುದನ್ನು ದೊಡ್ಡ ಗೆಲುವು ಅಂತ ಮಾರಿದ್ದು ಅರ್ಧ ಕಥೆ ಅಂತ ನನಗನ್ನಿಸುವುದು ಇದಕ್ಕೇ. ಅರಿವಳಿಕೆ ಬೇಕಿಲ್ಲದಿರಬಹುದು. ನೋವು ತಗ್ಗಿಸುವ ಕೆಲಸವಂತೂ ಇದ್ದೇ ಇದೆ.

“ಇನ್ನು ಐನೂರು ಅಷ್ಟೇ”

ನೋವನ್ನು ಮದ್ದಿನಿಂದ ತಗ್ಗಿಸದಿದ್ದಾಗ ಆ ಮೇಜಿನ ಮೇಲೆ ಆಗುವುದು ಇಷ್ಟು. ಮೊದಮೊದಲು ಶಕ್ತಿ ಕಡಿಮೆ ಇರುತ್ತದೆ, ರೋಗಿ ಹಾಯಾಗಿರುತ್ತಾರೆ. ಶಕ್ತಿ ಏರಿಸಿದಂತೆ ಹುಬ್ಬು ಗಂಟಾಗುತ್ತದೆ. ಪ್ರತಿ ಟಕ್ ಶಬ್ದಕ್ಕೂ ಮೈ ಬಿಗಿಯುತ್ತದೆ. ಉಸಿರು ಒಮ್ಮೆ ಹಿಡಿಯುವುದು, ಒಮ್ಮೆ ಜೋರಾಗಿ ಬಿಡುವುದು. ಕಲ್ಲು ಗುರಿಯಿಂದ ಆಚೆ ಈಚೆ ಹೋಗುತ್ತದೆ. ಬಿಡುವ ಏಟಿನಲ್ಲಿ ಒಂದು ಪಾಲು ಕಲ್ಲಿಗೆ ಬೀಳದೆ ಕಿಡ್ನಿಯ ಅಂಗಾಂಶಕ್ಕೆ ಬೀಳುತ್ತದೆ. “ಸ್ವಲ್ಪ ತಡ್ಕೊಳ್ಳಿ ಸರ್, ಇನ್ನು ಐನೂರು ಅಷ್ಟೇ” ಅನ್ನುತ್ತಾರೆ ಟೆಕ್ನಿಷಿಯನ್. ನಿಮಿಷಕ್ಕೆ 60ರ ಲೆಕ್ಕದಲ್ಲಿ ಐನೂರು ಅಂದರೆ ಎಂಟು ನಿಮಿಷಕ್ಕೂ ಜಾಸ್ತಿ. ರೋಗಿ ಸ್ವಲ್ಪ ಹೊರಳುತ್ತಾರೆ.

ಆ ಹೊರಳುವುದರಲ್ಲಿ ಕಣ್ಣಿಗೆ ಕಾಣದ ಇನ್ನೊಂದು ನಷ್ಟ ಇದೆ. ನೀರಿನ ದಿಂಬಿಗೂ ಚರ್ಮಕ್ಕೂ ಮಧ್ಯೆ ಇರುವ ಜೆಲ್ಲಿನ ಒಳಗೆ ಗಾಳಿ ಸೇರುತ್ತದೆ. ಒತ್ತಡದ ಅಲೆಗೆ ಗಾಳಿ ಅಂದರೆ ಗೋಡೆ. ಪ್ರಯೋಗಾಲಯದಲ್ಲಿ ನೋಡಿದಾಗ, ಸಂಪರ್ಕದ ಜಾಗದಲ್ಲಿ ಕೇವಲ 2%ರಷ್ಟು ಗಾಳಿಗುಳ್ಳೆ ಇದ್ದರೂ ಕಲ್ಲು ಒಡೆಯುವುದು 20%ರಿಂದ 40%ರಷ್ಟು ಕಡಿಮೆಯಾಗಿತ್ತು. ರೋಗಿ ಒಮ್ಮೆ ಎದ್ದು ಮತ್ತೆ ಮಲಗಿದರೆ ಸಂಪರ್ಕ ಮೊದಲಿಗಿಂತ ಕೆಡುತ್ತದೆ. ಪರದೆಯ ಮೇಲೆ ಮಾತ್ರ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ, ಏಟಿನ ಲೆಕ್ಕ ಏರುತ್ತಲೇ ಇರುತ್ತದೆ.

ಕೊನೆಗೆ ಆಪರೇಟರ್ ಮಾಡುವುದು ಏನು? ಶಕ್ತಿ ಇಳಿಸುತ್ತಾರೆ. ನೋವು ತಗ್ಗುತ್ತದೆ, ಒಡೆಯುವುದೂ ತಗ್ಗುತ್ತದೆ. ಒಂದು ತಿಂಗಳ ಮೇಲೆ ಎಕ್ಸ್‌ರೇಯಲ್ಲಿ ಕಲ್ಲು ಹಾಗೇ ಕೂತಿರುತ್ತದೆ. “ನಿಮ್ಮ ಕಲ್ಲು ಗಟ್ಟಿ” ಅನ್ನುವ ಉತ್ತರ ಸಿಗುತ್ತದೆ. ನಿಜಕ್ಕೂ ಗಟ್ಟಿ ಕಲ್ಲುಗಳು ಇವೆ, ಸಿಸ್ಟೀನ್ ಕಲ್ಲು ಹಾಗೇ, ಸಿಟಿ ಸ್ಕ್ಯಾನಿನಲ್ಲಿ ಸಾಂದ್ರತೆ 1000 ಯೂನಿಟ್ ದಾಟಿದವೂ ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಎರಡನೇ ಸಿಟ್ಟಿಂಗಿಗೆ ದುಡ್ಡು ಕಟ್ಟುವ ಮುಂಚೆ ಮೊದಲ ಸಿಟ್ಟಿಂಗಿನಲ್ಲಿ ಎಷ್ಟು ಏಟು, ಎಷ್ಟು ಶಕ್ತಿಯಲ್ಲಿ ಬಿತ್ತು, ನೋವಿಗಾಗಿ ಇಳಿಸಿದ್ದರಾ ಅಂತ ಕೇಳುವುದರಲ್ಲಿ ತಪ್ಪಿಲ್ಲ ಅಲ್ವಾ?

ಅರಿವಳಿಕೆ ಕೊಟ್ಟು ಮಾಡಿದವರನ್ನೂ, ಬರೀ ಮಂಪರು ಬರಿಸಿ ಮಾಡಿದವರನ್ನೂ ಒಂದೇ ಮೆಷೀನಿನಲ್ಲಿ ಹೋಲಿಸಿ ನೋಡಿದ ಅಧ್ಯಯನಗಳಿವೆ. ಅಮೆರಿಕದಿಂದ 2002ರಲ್ಲಿ ಬಂದ ಅಂಥದ್ದೊಂದರಲ್ಲಿ ಪೂರ್ತಿ ಅರಿವಳಿಕೆ ಇದ್ದವರಲ್ಲಿ ಕಲ್ಲು ಪೂರ್ತಿ ಹೋದವರ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚಿತ್ತು. ಹಾಗಂತ ಎಲ್ಲರಿಗೂ ಅರಿವಳಿಕೆ ಕೊಡಿ ಅನ್ನಲಾಗದು. ಅದಕ್ಕೆ ಅದರದ್ದೇ ಅಪಾಯ, ಖರ್ಚು, ತಯಾರಿ ಇದೆ. ಮಕ್ಕಳಿಗೆ ಮಾತ್ರ ಸಾಮಾನ್ಯವಾಗಿ ಅರಿವಳಿಕೆಯೇ ದಾರಿ. ಏಳು ವರ್ಷದ ಮಗು ಮುಕ್ಕಾಲು ಗಂಟೆ ಅಲುಗಾಡದೆ ಮಲಗಲಿ ಅಂದರೆ ಆಗುವ ಮಾತಲ್ಲ.

ಮದ್ದುಗಳ ಲೆಕ್ಕ, ಗಡಿಯಾರದ ಲೆಕ್ಕ

ದೊಡ್ಡವರಿಗೆ ಕೊಡುವ ಮದ್ದಿನಲ್ಲಿ ಮೂರು ಬಗೆ. ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್‌ನಂಥ ಮಾಮೂಲಿ ನೋವಿನ ಮದ್ದು. ಟ್ರಾಮಡಾಲ್, ಪೆಥಿಡಿನ್, ಫೆಂಟಾನಿಲ್‌ನಂಥ ಅಫೀಮಿನ ಬಳಗದ ಮದ್ದು. ಮಿಡಾಜೊಲಾಮ್, ಪ್ರೊಪೊಫಾಲ್‌ನಂಥ ಮಂಪರಿನ ಮದ್ದು.

ಮೂರನೆಯ ಬಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಮೊದಲು ತೆಗೆದುಬಿಡೋಣ. ಮಿಡಾಜೊಲಾಮ್ ನೋವು ಕಡಿಮೆ ಮಾಡುವುದಿಲ್ಲ. ಗಾಬರಿ ತಗ್ಗಿಸುತ್ತದೆ, ನಡೆದದ್ದು ನೆನಪಿಲ್ಲದ ಹಾಗೆ ಮಾಡುತ್ತದೆ. ಬರೀ ಅದನ್ನೊಂದೇ ಕೊಟ್ಟರೆ ರೋಗಿಗೆ ಆಮೇಲೆ ಏನೂ ನೆನಪಿರಲಿಕ್ಕಿಲ್ಲ, ಆದರೆ ಏಟು ಬೀಳುವಾಗ ಮೈ ಅಲುಗಾಡಿರುತ್ತದೆ. ಕಲ್ಲಿನ ದೃಷ್ಟಿಯಿಂದ ನೋಡಿದರೆ ಅದು ನೋವು ತಡೆಯದೆ ಮಾಡಿದ್ದಕ್ಕೇ ಸಮ.

ಹಾಗಾದರೆ ಅಫೀಮಿನ ಬಳಗದ ಮದ್ದೇ ಬೇಕಾ? ಇಲ್ಲಿ ಸಂಶೋಧನೆಗಳು ಕೊಡುವ ಉತ್ತರ ಸಮಾಧಾನಕರ. ಈಗಿನ ಮೆಷೀನುಗಳಲ್ಲಿ ಹೆಚ್ಚಿನವರಿಗೆ ಮಾಮೂಲಿ ನೋವಿನ ಮದ್ದೂ ನೋವನ್ನು ಸಹಿಸಬಹುದಾದ ಮಟ್ಟಕ್ಕೆ ಇಳಿಸುತ್ತದೆ. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಯಾವ ಒಂದು ಮದ್ದೂ ಉಳಿದವನ್ನು ಸ್ಪಷ್ಟವಾಗಿ ಹಿಂದೆ ಹಾಕುವುದಿಲ್ಲ. ಅಫೀಮಿನ ಬಳಗದ ಮದ್ದಿಗೆ ವಾಕರಿಕೆ, ತಲೆಸುತ್ತು, ಉಸಿರು ನಿಧಾನವಾಗುವ ಅಪಾಯ ಜೊತೆಗೇ ಬರುತ್ತವೆ. ಅದಕ್ಕೇ ಮಾಮೂಲಿ ಮದ್ದಿನಿಂದ ಶುರು ಮಾಡಿ, ಸಾಲದಿದ್ದರೆ ಏರಿಸುವುದು ಒಳ್ಳೆಯ ಕ್ರಮ. ಏರಿಸಲು ತಯಾರಿ ಇರಬೇಕು ಅನ್ನುವುದೇ ಇದರಲ್ಲಿ ಮುಖ್ಯ. ಡೈಕ್ಲೋಫೆನಾಕ್ ಒಂದೇ ಇಟ್ಟುಕೊಂಡು, ಸಾಲದಿದ್ದವರಿಗೆ “ತಡ್ಕೊಳ್ಳಿ” ಅನ್ನುವುದು ಕ್ರಮ ಅಲ್ಲ.

ಮದ್ದಿನ ಹೆಸರಿಗಿಂತ ನನಗೆ ಮುಖ್ಯ ಅನ್ನಿಸುವುದು ಹೊತ್ತು. ಸೊಂಟಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಸರಿಯಾಗಿ ಹಿಡಿಯಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮೇಜು ಹತ್ತುವ ಹೊತ್ತಿಗೆ ಚುಚ್ಚಿದರೆ ಮೊದಲ ಸಾವಿರ ಏಟು ಮದ್ದಿಲ್ಲದೇ ಬಿದ್ದ ಹಾಗೆ. ಚರ್ಮ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಮುಲಾಮಿಗೆ ಇನ್ನೂ ಜಾಸ್ತಿ, ಸುಮಾರು ಒಂದು ಗಂಟೆ. ಸರಿಯಾದ ಜಾಗಕ್ಕೆ ದಪ್ಪಗೆ ಹಚ್ಚಿ, ಮೇಲೆ ಮುಚ್ಚಿ ಬಿಡಬೇಕು. ಅಷ್ಟು ಮಾಡಿದರೂ ಅದರ ಫಲ ಒಂದೊಂದು ಪ್ರಯೋಗದಲ್ಲಿ ಒಂದೊಂದು ಥರ. ಕಾರಣ ಆಗಲೇ ಹೇಳಿದ್ದೇ, ಅದು ಮೇಲಿನ ನೋವಿಗೆ ಮಾತ್ರ. ಫೆಂಟಾನಿಲ್ ತದ್ವಿರುದ್ಧ. ರಕ್ತನಾಳಕ್ಕೆ ಕೊಟ್ಟರೆ ಕೆಲವೇ ನಿಮಿಷಕ್ಕೆ ಹಿಡಿಯುತ್ತದೆ, ಅರ್ಧದಿಂದ ಒಂದು ಗಂಟೆಯೊಳಗೆ ಇಳಿಯುತ್ತದೆ.

ಇದನ್ನು ಏಟಿನ ವೇಗದ ಜೊತೆ ಇಟ್ಟು ನೋಡಿ. ನಿಮಿಷಕ್ಕೆ 120ರಂತೆ 3000 ಏಟು ಬಿಟ್ಟರೆ 25 ನಿಮಿಷದಲ್ಲಿ ಮುಗಿಯುತ್ತದೆ. ನಿಮಿಷಕ್ಕೆ 60 ಬಿಟ್ಟರೆ 50 ನಿಮಿಷ. ನಿಧಾನಕ್ಕೆ ಬಿಟ್ಟರೆ ಕಲ್ಲು ಚೆನ್ನಾಗಿ ಒಡೆಯುತ್ತದೆ, ಕಿಡ್ನಿಗೆ ಪೆಟ್ಟೂ ಕಡಿಮೆ ಅನ್ನುವುದು ಈಗ ಗಟ್ಟಿಯಾಗಿ ತಿಳಿದ ವಿಷಯ. ಯುರೋಪಿನ ಮಾರ್ಗಸೂಚಿ ನಿಮಿಷಕ್ಕೆ 60ರಿಂದ 90 ಅನ್ನುತ್ತದೆ. ಆದರೆ ರೋಗಿ ಎರಡು ಪಟ್ಟು ಹೊತ್ತು ಮಲಗಬೇಕು. ಶುರುವಿನಲ್ಲಿ ಕೊಟ್ಟ ಒಂದು ಡೋಸ್ ಫೆಂಟಾನಿಲ್, ಶಕ್ತಿ ಅತಿ ಹೆಚ್ಚಿರುವ ಕೊನೆಯ ಹದಿನೈದು ನಿಮಿಷಕ್ಕೆ ಉಳಿದಿರುವುದೇ ಅನುಮಾನ. ದಿನಕ್ಕೆ ಇಷ್ಟು ಕೇಸ್ ಮುಗಿಯಬೇಕು ಅನ್ನುವ ಕಡೆ ವೇಗ ಏರಿಸುವ ಆಸೆ ಹುಟ್ಟುವುದೂ ಇಲ್ಲೇ.

ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಮಾತ್ರ ಎಲ್ಲರಿಗೂ ಲಾಭ. ಕಡಿಮೆಯಿಂದ ಶುರು ಮಾಡಿದರೆ ರೋಗಿ ಆ ಶಬ್ದಕ್ಕೆ, ಆ ಏಟಿಗೆ ಹೊಂದಿಕೊಳ್ಳುತ್ತಾರೆ. ಅಮೆರಿಕದ ಇಂಡಿಯಾನಾದಲ್ಲಿ ಹಂದಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಮೊದಲು ಮೆಲ್ಲಗೆ ಏಟು ಬಿದ್ದಾಗ ಕಿಡ್ನಿಯ ರಕ್ತನಾಳಗಳು ಕುಗ್ಗಿ, ನಂತರದ ಜೋರು ಏಟಿನಿಂದ ಆಗುವ ಗಾಯ ಕಡಿಮೆಯಾಗುವುದು ಕಂಡಿತು. ಇದಕ್ಕೆ ಹೆಚ್ಚು ದುಡ್ಡು ಬೇಡ, ಬೇರೆ ಮದ್ದು ಬೇಡ. ಬೇಕಾದ್ದು ತಾಳ್ಮೆ, ಅದೂ ಆಪರೇಟರ್‌ದು.

ಹಾಡು ಕೇಳುವುದನ್ನೂ ಹಗುರವಾಗಿ ತಳ್ಳಿಹಾಕಬೇಡಿ. ಲಿಥೋಟ್ರಿಪ್ಸಿ ಹೊತ್ತಿನಲ್ಲಿ ಸಂಗೀತ ಕೇಳಿಸಿ ನೋಡಿದ ಪ್ರಯೋಗಗಳಲ್ಲಿ ಗಾಬರಿಯೂ ನೋವೂ ಕಡಿಮೆಯಾದದ್ದು ಕಂಡಿದೆ. ಕಿವಿ ಮುಚ್ಚಿದರೆ ಮೆಷೀನಿನ ಶಬ್ದಕ್ಕೆ ಬೆಚ್ಚುವುದೂ ತಪ್ಪುತ್ತದೆ. ಕೆಲವು ದೇಶಗಳಲ್ಲಿ ರೋಗಿಯ ಕೈಗೇ ಒಂದು ಗುಂಡಿ ಕೊಟ್ಟು, ನೋವಾದಾಗ ಒತ್ತಿದರೆ ಗೊತ್ತುಪಡಿಸಿದಷ್ಟೇ ಮದ್ದು ಇಳಿಯುವ ಏರ್ಪಾಡನ್ನೂ ಮಾಡಿ ನೋಡಿದ್ದಾರೆ. ತನ್ನ ಕೈಯಲ್ಲಿ ಹಿಡಿತ ಇದೆ ಅನ್ನುವುದೇ ಅರ್ಧ ಧೈರ್ಯ.

ನಮ್ಮಲ್ಲಿ ಯಾಕೆ “ತಡ್ಕೊಳ್ಳಿ” ಜಾಸ್ತಿ?

ಕಾರಣ ಟೆಕ್ನಿಷಿಯನ್ನರ ಕಲ್ಲು ಮನಸ್ಸಲ್ಲ. ಒಂದು ಕಾರಣ ಕಾನೂನು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಅಫೀಮಿನ ಬಳಗದ ಮದ್ದು ಇಟ್ಟುಕೊಳ್ಳುವುದು, ಲೆಕ್ಕ ಬರೆಯುವುದು, ಲೈಸೆನ್ಸ್ ಹೊಂದಿಸುವುದು ಸಣ್ಣ ಆಸ್ಪತ್ರೆಗಳಿಗೆ ತಲೆನೋವಾಯಿತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಮಾರ್ಫಿನ್, ಫೆಂಟಾನಿಲ್ ಸೇರಿ ಕೆಲವು ಅಗತ್ಯ ಮದ್ದುಗಳಿಗೆ ಹಲವು ಲೈಸೆನ್ಸುಗಳ ಬದಲು ಸರಳ ದಾರಿ ಮಾಡಿದರು. 2018ರಲ್ಲಿ ಟ್ರಾಮಡಾಲ್ ಕೂಡ ಎನ್‌ಡಿಪಿಎಸ್ ಪಟ್ಟಿಗೆ ಸೇರಿತು. ದುರುಪಯೋಗ ಇದ್ದದ್ದು ನಿಜ, ಬಿಗಿ ಮಾಡಿದ್ದಕ್ಕೆ ಕಾರಣವೂ ಇತ್ತು. ಆದರೆ ಪರಿಣಾಮ ಏನು ಅಂದರೆ, ತಾಲೂಕು ಮಟ್ಟದ ಡೇ ಕೇರ್ ಸೆಂಟರಿಗೆ ಡೈಕ್ಲೋಫೆನಾಕ್ ಇಟ್ಟುಕೊಂಡು ನಿಭಾಯಿಸುವುದೇ ಹಗುರ.

ಇನ್ನೊಂದು ಕಾರಣ ಆಳು. ಪ್ರೊಪೊಫಾಲ್, ಫೆಂಟಾನಿಲ್ ಕೊಡುವುದಾದರೆ ಉಸಿರು, ನಾಡಿ, ರಕ್ತದ ಆಮ್ಲಜನಕ ನೋಡಲು ಅದಕ್ಕೇ ಅಂತ ಒಬ್ಬರು ಬೇಕು, ಆಮ್ಲಜನಕ ಮತ್ತು ಉಸಿರು ಕೊಡುವ ಸಾಮಾನು ಕೈಗೆಟುಕುವಂತಿರಬೇಕು. ಮೂತ್ರನಾಳದ ನಡುಭಾಗದ ಕಲ್ಲಿಗೆ ಕೆಲವೊಮ್ಮೆ ಬೋರಲು ಮಲಗಿಸುತ್ತಾರೆ, ಆಗ ಮಂಪರಿನಲ್ಲಿರುವವರ ಉಸಿರು ಕಾಯುವುದು ಇನ್ನೂ ಸೂಕ್ಷ್ಮ. ಅರಿವಳಿಕೆ ತಜ್ಞರ ಫೀಸು ಪ್ಯಾಕೇಜಿನ ಬೆಲೆ ಏರಿಸುತ್ತದೆ. ಅಗ್ಗದ ಪ್ಯಾಕೇಜು ಅಗ್ಗ ಆಗುವುದು ಹಲವು ಸಲ ಈ ತಜ್ಞರ ಕುರ್ಚಿ ಖಾಲಿ ಇರುವುದರಿಂದಲೇ. ಬುಕ್ ಮಾಡುವಾಗಲೇ ಕೇಳಿಬಿಡಿ: ನೋವಿಗೆ ಏನು ಕೊಡುತ್ತೀರಿ, ಎಷ್ಟು ಹೊತ್ತು ಮುಂಚೆ, ಸಾಲದಿದ್ದರೆ ಮುಂದೇನು, ಅರಿವಳಿಕೆ ಡಾಕ್ಟರ್ ಅವತ್ತು ಇರುತ್ತಾರಾ. ಮಂಪರು ಕೊಡುವುದಾದರೆ ಆರು ಗಂಟೆ ಮುಂಚಿನಿಂದ ಊಟ ಬಿಡಬೇಕಾಗುತ್ತದೆ, ಮನೆಗೆ ಕರೆದುಕೊಂಡು ಹೋಗಲು ಜೊತೆಗೊಬ್ಬರು ಬೇಕು. ಗಾಡಿ ಓಡಿಸಿಕೊಂಡು ಹೋಗುವ ಹಾಗಿಲ್ಲ.

ನೋವಿನ ಮದ್ದಿನಲ್ಲೂ ಎಚ್ಚರ ಬೇಕಾದವರಿದ್ದಾರೆ. ಕಿಡ್ನಿ ಮೊದಲೇ ದುರ್ಬಲ ಇದ್ದವರಿಗೆ, ಹೊಟ್ಟೆಹುಣ್ಣು ಇದ್ದವರಿಗೆ ಡೈಕ್ಲೋಫೆನಾಕ್ ಆಗಿಬರುವುದಿಲ್ಲ. ಕಲ್ಲಿನ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಇರುವ ವೊವೆರಾನ್ ಮಾತ್ರೆ ತಂದು ವಾರಗಟ್ಟಲೆ ನುಂಗಿದವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರದ್ದು ಇನ್ನೂ ಮುಖ್ಯ. ಶಾಕ್ ವೇವ್ ಬಿದ್ದ ಕಿಡ್ನಿಯ ಸುತ್ತ ರಕ್ತ ಕಟ್ಟಬಹುದು, ಅದಕ್ಕೇ ಆಸ್ಪಿರಿನ್ ನಿಲ್ಲಿಸಲು ಹೇಳುತ್ತಾರೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗೇ ನಿಲ್ಲಿಸುವುದು ಕಲ್ಲಿಗಿಂತ ದೊಡ್ಡ ಅಪಾಯ. ಅಂಥವರಿಗೆ ಲಿಥೋಟ್ರಿಪ್ಸಿ ಬಿಟ್ಟು, ಮೂತ್ರದ ದಾರಿಯಲ್ಲಿ ದೂರ್ಬೀನು ಕಳಿಸಿ ಕಲ್ಲು ಒಡೆಯುವ ದಾರಿ ಹಿಡಿಯುವುದೇ ಮೇಲಾಗಬಹುದು.

ಲೇಸರ್ ಇರುವಾಗ ಇದ್ಯಾಕೆ?

ಈಗ ಮೂತ್ರದ ದಾರಿಯಲ್ಲೇ ತೆಳುವಾದ ದೂರ್ಬೀನು ಕಳಿಸಿ ಲೇಸರಿನಿಂದ ಕಲ್ಲು ಪುಡಿ ಮಾಡುವುದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಮಾಮೂಲಾಗಿದೆ. ಅದನ್ನು ಅರಿವಳಿಕೆಯಲ್ಲೇ ಮಾಡುತ್ತಾರೆ, ಮಾಡುವಾಗ ರೋಗಿಗೆ ನೋವಿನ ಪ್ರಶ್ನೆಯೇ ಇಲ್ಲ. ಬ್ರಿಟನ್ನಿನಲ್ಲಿ ಮೂತ್ರನಾಳದ ಕಲ್ಲಿಗೆ ಎರಡೂ ಚಿಕಿತ್ಸೆಗಳನ್ನು ಹೋಲಿಸಿದ ಟಿಸು ಅನ್ನುವ ದೊಡ್ಡ ಪ್ರಯೋಗದಲ್ಲಿ, ಶಾಕ್ ವೇವ್‌ನಿಂದ ಶುರು ಮಾಡಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮುಂದೆ ಇನ್ನೊಂದು ಚಿಕಿತ್ಸೆ ಬೇಕಾಯಿತು. ದೂರ್ಬೀನಿನವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ. ಆದರೆ ಒಟ್ಟು ಖರ್ಚು ಶಾಕ್ ವೇವ್‌ಗೇ ಕಡಿಮೆ. ದೇಹದೊಳಗೆ ಏನೂ ತೂರಿಸದೆ, ಮೂತ್ರನಾಳದಲ್ಲಿ ಇಡುವ ಸ್ಟೆಂಟ್ ಕೊಳವೆಯ ಉರಿ ಇಲ್ಲದೆ ಮುಗಿಯುವ ಸಾಧ್ಯತೆ ಇದಕ್ಕೆ ಮಾತ್ರ ಇದೆ. ಸರಿಯಾದ ಕಲ್ಲು, ಸರಿಯಾದ ರೋಗಿ ಸಿಕ್ಕರೆ ಇದು ಇವತ್ತಿಗೂ ಒಳ್ಳೆಯ ಚಿಕಿತ್ಸೆ. ಅದಕ್ಕೆ ಕೆಟ್ಟ ಹೆಸರು ಬಂದದ್ದರಲ್ಲಿ ನೋವನ್ನು ಕಡೆಗಣಿಸಿ ಮಾಡಿದ ಸಿಟ್ಟಿಂಗುಗಳ ಪಾಲೂ ಇದೆ ಅನ್ನುವುದು ನನ್ನ ಅಂದಾಜು.

ಹೊಸ ದಾರಿಯೂ ತೆರೆಯುತ್ತಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಒಂದೊಂದೇ ಜೋರು ಏಟಿನ ಬದಲು ಅಲ್ಟ್ರಾಸೌಂಡಿನ ಮೆಲುವಾದ ಅಲೆಗಳ ಗುಚ್ಛ ಬಿಟ್ಟು ಕಲ್ಲು ಒಡೆಯುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದಾರೆ. ಬಾಹ್ಯಾಕಾಶದಲ್ಲಿ ಕಲ್ಲು ನೋವು ಬಂದರೆ ಏನು ಮಾಡುವುದು ಅಂತ ನಾಸಾ ಕೂಡ ಇದಕ್ಕೆ ದುಡ್ಡು ಹಾಕಿದೆ. ಎಚ್ಚರ ಇರುವ ರೋಗಿಗಳ ಮೇಲೆ, ಅರಿವಳಿಕೆ ಇಲ್ಲದೆ ಮಾಡಿದ ಮೊದಲ ಪ್ರಯೋಗಗಳ ವರದಿ 2022ರ ಹೊತ್ತಿಗೆ ಬಂತು. ಹೆಚ್ಚಿನವರಿಗೆ ಅಷ್ಟೇನೂ ತೊಂದರೆ ಆಗಲಿಲ್ಲ. ಚರ್ಮದ ಮೇಲೆ ಬೀಳುವ ಒತ್ತಡವೇ ಕಡಿಮೆ ಆದ್ದರಿಂದ ಇದು ನಂಬುವಂಥದ್ದೇ.

ಮನೆಗೆ ಬಂದ ಮೇಲೆ

ಮೇಜಿನಿಂದ ಇಳಿದರೆ ನೋವು ಮುಗಿಯಿತು ಅಂತಲ್ಲ. ಒಡೆದ ಚೂರುಗಳು ಮೂತ್ರನಾಳದಲ್ಲೇ ಇಳಿಯಬೇಕು. ಒಂದೆರಡು ದಿನ ಮೂತ್ರ ಕೆಂಪಗೆ ಬರುವುದು, ಬೆನ್ನಿನ ಮೇಲೆ ಕಂದಿದ ಗುರುತು, ಆಗಾಗ ಹಿಂಡುವ ನೋವು ಮಾಮೂಲು. ಚೂರುಗಳು ಒಂದರ ಹಿಂದೊಂದು ಸಾಲಾಗಿ ಮೂತ್ರನಾಳದಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಟ್ಯಾಮ್ಸುಲೋಸಿನ್ ಮಾತ್ರೆ ಬರೆದುಕೊಡುವುದು ನಾಳ ಸಡಿಲವಾಗಿ ಚೂರು ಸಲೀಸಾಗಿ ಇಳಿಯಲಿ ಅಂತ. ಬಾಳೆದಿಂಡಿನ ಪಲ್ಯ, ರಸ ಬೇಕಾದರೆ ತಗೊಳ್ಳಿ, ಆದರೆ ಅದನ್ನು ನಂಬಿ ಈ ಮಾತ್ರೆ ಬಿಡಬೇಡಿ.

ಪೂರ್ತಿ ಚೊಕ್ಕ ಆಗಲು ವಾರಗಳು, ಕೆಲವರಿಗೆ ಮೂರು ತಿಂಗಳು ಹಿಡಿಯುತ್ತದೆ. ಕರಾವಳಿಯಿಂದ ಗಲ್ಫಿಗೆ ಹೋಗಿ ದುಡಿಯುವವರಿಗೆ ಇದು ನೆನಪಿರಬೇಕು. ಅಲ್ಲಿನ ಬಿಸಿಲಿಗೆ, ನೀರು ಕಡಿಮೆ ಕುಡಿದು ಕಲ್ಲು ಮಾಡಿಕೊಂಡು ಬರುತ್ತಾರೆ. ರಜೆಯ ಕೊನೇ ವಾರದಲ್ಲಿ ಶಾಕ್ ವೇವ್ ಮಾಡಿಸಿ ವಿಮಾನ ಹತ್ತಿದರೆ ಚೂರು ಸಿಕ್ಕಿಕೊಳ್ಳುವುದು ಅಲ್ಲಿನ ಲೇಬರ್ ಕ್ಯಾಂಪಿನಲ್ಲಿ. ರಜೆ ಶುರುವಿನಲ್ಲೇ ಮಾಡಿಸಿಕೊಳ್ಳಬೇಕು, ಅಷ್ಟು ದಿನ ಇಲ್ಲ ಅಂದರೆ ಬೇರೆ ಚಿಕಿತ್ಸೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು.

ಮನೆಯಲ್ಲಿ ನೋವಿಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಸಾಕು. ಆದರೆ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತ ಗಟ್ಟಿಯಾಗಿ ಉಂಡೆಯಂತೆ ಹೋದರೆ, ಅಥವಾ ಪಕ್ಕೆಯಲ್ಲಿ ನೋವು ಏರುತ್ತಲೇ ಹೋಗಿ ತಲೆ ತಿರುಗಿದರೆ ಇನ್ನೊಂದು ಮಾತ್ರೆ ನುಂಗಿ ಬೆಳಗಿನ ತನಕ ಕಾಯಬಾರದು. ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ಹೋಗುವಾಗ ಲಿಥೋಟ್ರಿಪ್ಸಿ ಮಾಡಿದ ಚೀಟಿ ಜೊತೆಗಿರಲಿ.